ಎರಡನೇ ಕಂಪ್ಯೂಟರ್

ನನ್ನನ್ನು ಯಾರಾದರೂ ‘ಸಾಮಾನ್ಯ ಬಳಕೆದಾರರು’ ಎಂದರೆ ಮೈಯೆಲ್ಲ ಉರಿಯುತ್ತದೆ. ನಾನು ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನಲ್ಲಿ ಕೂರುವವಳು. ಕ್ಲಿನಿಕ್ ನನ್ನ ತಮ್ಮನದು. ಒಳಗೆ ಅವನು ಡಾಕ್ಟರು, ಹೊರಗೆ ನಾನೇ ಎಲ್ಲ. ಫೋನ್ ಎತ್ತುವವಳು, ಸರದಿ ನೋಡುವವಳು, ಔಷಧದ ಚೀಟಿ ತೆಗೆಯುವವಳು, ನಾಯಿಯನ್ನು ಬೆಕ್ಕಿನಿಂದಲೂ ಬೆಕ್ಕಿನ ಯಜಮಾನಿಯನ್ನು ನಾಯಿಯ ಯಜಮಾನನಿಂದಲೂ ದೂರ ಕೂರಿಸುವವಳು. ಇಷ್ಟೆಲ್ಲ ಮಾಡುವವಳು ಸಾಮಾನ್ಯ ಹೇಗಾಗುತ್ತಾಳೆ?

ಆ ಮಾತನ್ನು ನಾನು ಮೊದಲು ಕೇಳಿದ್ದು ತಮ್ಮನ ಮಗಳ ಬಾಯಿಂದ. ಅವಳನ್ನು ಮನೆಯಲ್ಲಿ ಎಲ್ಲರೂ ಪುಟ್ಟಿ ಎನ್ನುತ್ತೇವೆ. ಈಗ ನನಗಿಂತ ಗೇಣುದ್ದ ಎತ್ತರವಾಗಿದ್ದಾಳೆ, ಆದರೂ ಪುಟ್ಟಿಯೇ. ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಕಂಪನಿಯೊಂದರಲ್ಲಿ ಆಪರೇಟಿಂಗ್ ಸಿಸ್ಟಮ್ ಮಾಡುವ ಕೆಲಸ ಅವಳದು. ಹಾಗೆಂದರೇನು ಎಂದು ಕೇಳಿದ್ದಕ್ಕೆ, “ಅತ್ತೆ, ಮನೆ ನಡೆಸೋರು ಇರ್ತಾರಲ್ಲ, ಹಾಗೆ. ಯಾವ ಸಾಮಾನು ಎಲ್ಲಿರ್ಬೇಕು, ಯಾರಿಗೆ ಬಾಗಿಲು ತೆಗೀಬೇಕು, ಎಲ್ಲಾ ನೋಡ್ಕೊಳ್ಳೋದು ಅದೇ,” ಎಂದಳು. ಮನೆ ನಡೆಸುವುದು ಹೇಗೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೆಟ್ಟಗೆ ನಡೆಯುವ ಮನೆಯಲ್ಲಿ ಕತ್ತರಿ ಎಲ್ಲಿದೆ ಎಂದು ಯಾರೂ ಕೂಗುವುದಿಲ್ಲ.

ನಮ್ಮ ಕ್ಲಿನಿಕ್ಕಿನ ಹಳೆಯ ಕಂಪ್ಯೂಟರನ್ನು ನಡೆಸುತ್ತಿದ್ದುದು ಮಾತ್ರ ಒಬ್ಬ ಬಾಯಿಬಡುಕಿ. ಒಂದು ಕೆಲಸ ಹೇಳಿದರೆ ಹತ್ತು ಪ್ರಶ್ನೆ. ಹೊಸದು ಬಂದಿದೆ, ಹಾಕಲೇ? ಈಗ ಹಾಕಲೇ, ಆಮೇಲೆ ಹಾಕಲೇ? ನೀವು ನೀವೇ ಎಂಬುದಕ್ಕೆ ಏನು ಗ್ಯಾರಂಟಿ? ಒಂದರ ಮೇಲೊಂದು ಕಿಟಕಿ ತೆರೆದು ಯಾವುದರ ಹಿಂದೆ ಯಾವುದು ಅಡಗಿದೆ ಎಂದು ಹುಡುಕುವುದರಲ್ಲೇ ಬೆಳಗ್ಗೆ ಕಳೆಯುತ್ತಿತ್ತು. ಒಂದು ದಿನ ಗಾಜು ತುಳಿದು ರಕ್ತ ಸುರಿಸುತ್ತಿದ್ದ ನಾಯಿ ಮುಂದೆ ನಿಂತಿರುವಾಗ ಅದು ತನ್ನ ಪಾಡಿಗೆ ಆರಿಹೋಗಿ, ಮತ್ತೆ ಹತ್ತಿಕೊಳ್ಳಲು ಶುರುಮಾಡಿತು. ಪರದೆಯ ಮೇಲೆ ಚುಕ್ಕಿಗಳು ಗಿರಗಿರ ತಿರುಗುತ್ತಿದ್ದವು. ನಾನು ಅದಕ್ಕೆ ಬೆನ್ನು ಹಾಕಿ ಎಲ್ಲವನ್ನೂ ಕೈಯಲ್ಲೇ ಬರೆದೆ. ಅಪ್ಪನಿಗೆ ಊಟದ ಡಬ್ಬಿ ಕೊಡಲು ಬಂದಿದ್ದ ಪುಟ್ಟಿ ಬೆಂಚಿನ ಮೇಲೆ ಕೂತು ಇದನ್ನೆಲ್ಲ ನೋಡಿದಳು. ಒಂದು ಮಾತೂ ಆಡಲಿಲ್ಲ. ಆ ಹುಡುಗಿ ಮಾತಾಡದಿದ್ದರೆ ಏನೋ ಹೂಡುತ್ತಿದ್ದಾಳೆ ಎಂದೇ ಅರ್ಥ.

ಹೂಡಿದಳು. ಕಂಪನಿಯಲ್ಲಿ ಜಗಳವಾಡಿ ನಾಲ್ಕು ಜನರನ್ನು ಕಟ್ಟಿಕೊಂಡು ಹೊಸ ಸಿಸ್ಟಮ್ ಮಾಡಿದಳು. ಅದರಲ್ಲಿ ಪ್ರಶ್ನೆ ಇಲ್ಲ, ಅಡ್ಡಬಾಯಿ ಇಲ್ಲ. ಏನು ತೆರೆದರೂ ಪರದೆ ತುಂಬ ಅದೊಂದೇ. ಬರೆದದ್ದು ತಾನೇ ಉಳಿಯುತ್ತದೆ. ಸಾಕೆನಿಸಿದರೆ ಗುಂಡಿ ಒತ್ತಿ ಎದ್ದು ಹೋಗಬಹುದು, ಹಿಂದಿನಿಂದ ಕರೆಯುವುದಿಲ್ಲ. ನಮ್ಮ ಕ್ಲಿನಿಕ್ಕಿನ ಎಲ್ಲ ಕಂಪ್ಯೂಟರುಗಳಿಗೂ ಅದನ್ನೇ ಹಾಕಿಸಿದಳು, ಪರೀಕ್ಷೆಗೆಂದು. ಮೊದಲ ದಿನ ಅದರ ಮುಂದೆ ಕೂತಾಗ, ನೆಂಟರೆಲ್ಲ ಹೋದ ಮೇಲೆ ಮನೆಯಲ್ಲಿ ಒಬ್ಬಳೇ ಕೂತಷ್ಟು ಹಾಯೆನಿಸಿತು. ಪುಟ್ಟಿ ಮಾಡಿದ್ದು ಎಂಬ ಹೆಮ್ಮೆಯೂ ಇತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಾನು ಹೆತ್ತವಳಲ್ಲ, ಸೋದರತ್ತೆ. ಆದ್ದರಿಂದ ನನಗೆ ಮುದ್ದೂ ಇತ್ತು, ಹೆಗ್ಗಣ ಕಾಣುವ ಕಣ್ಣೂ ಇತ್ತು.

ಆ ಕಣ್ಣಿಗೆ ಕಂಡದ್ದನ್ನೆಲ್ಲ ಪ್ರತಿ ಭಾನುವಾರ ಫೋನಿನಲ್ಲಿ ಹೇಳುತ್ತಿದ್ದೆ. ಅಕ್ಷರ ಸಣ್ಣದು, ಬಣ್ಣ ಮಂಕು, ಗಂಟೆಯ ಸದ್ದು ಕೇಳಿದರೆ ಪಂಜರದ ಗಿಳಿ ಬೆಚ್ಚುತ್ತದೆ. ಪುಟ್ಟಿ ಎಲ್ಲವನ್ನೂ ಬರೆದುಕೊಂಡು ಮುಂದಿನ ವಾರಕ್ಕೆ ಸರಿಮಾಡುತ್ತಿದ್ದಳು. “ಅತ್ತೆ, ನೀವು ಬೈಯೋದು ನಿಲ್ಲಿಸಬೇಡಿ,” ಎನ್ನುತ್ತಿದ್ದಳು. ಬೈಯುವುದಕ್ಕೆ ಇಷ್ಟು ಮರ್ಯಾದೆ ನನಗೆ ಬೇರೆ ಎಲ್ಲೂ ಸಿಕ್ಕಿರಲಿಲ್ಲ.

ಒಂದು ವಿಷಯ ಮಾತ್ರ ಹೇಳಿರಲಿಲ್ಲ. ಮುಚ್ಚಿಡಬೇಕೆಂದಲ್ಲ. ಅದು ತೊಂದರೆ ಎಂದೇ ನನಗೆ ಅನಿಸಿರಲಿಲ್ಲ.

ನಡೆದದ್ದು ಇಷ್ಟೇ. ನಮ್ಮ ಮುಂದಿನ ಮೇಜಿನಲ್ಲಿ ಯಾವ ಕೆಲಸವೂ ಒಂದೇ ಪಟ್ಟಿಗೆ ಮುಗಿಯುವುದಿಲ್ಲ. ಎದುರಿಗೆ ನಿಂತ ನಾಯಿಯ ಹಾಳೆಯನ್ನು ಪರದೆಯಲ್ಲಿ ತುಂಬುತ್ತಿರುವಾಗ ಫೋನ್ ಬರುತ್ತದೆ, ಯಾರದೋ ಬೆಕ್ಕು ದಾರ ನುಂಗಿರುತ್ತದೆ. ಬೆಕ್ಕಿನ ಹಾಳೆ ತೆರೆದರೆ ನಾಯಿಯ ಹಾಳೆ ಒಳಗೆ ಹೋಗುತ್ತದೆ. ಕಳೆದುಹೋಗುವುದಿಲ್ಲ, ನಿಜ. ಆದರೆ ಮತ್ತೆ ಹೆಸರು ಹಾಕಿ ಹುಡುಕಿ ತರಬೇಕು. ನಮ್ಮಲ್ಲಿಗೆ ಬರುವ ನಾಯಿಗಳಲ್ಲಿ ಬ್ರೂನೋಗಳೇ ಒಂದು ಬಸ್ಸಿಗಾಗುವಷ್ಟಿವೆ. ಹುಡುಕಿ ಹುಡುಕಿ ಬೇಸತ್ತು, ಎಕ್ಸ್‌ರೇ ಕೋಣೆಯಲ್ಲಿ ಸುಮ್ಮನೆ ಬಿದ್ದಿದ್ದ ಇನ್ನೊಂದು ಕಂಪ್ಯೂಟರನ್ನು ಎತ್ತಿ ತಂದು ಪಕ್ಕದಲ್ಲಿಟ್ಟುಕೊಂಡೆ. ಎಡಗಡೆಯದು ಎದುರಿಗೆ ನಿಂತವರಿಗೆ, ಬಲಗಡೆಯದು ಫೋನಿನವರಿಗೆ. ಎಡಗಡೆ ಏನಿದೆಯೋ ಅದು ನನ್ನ ಮುಂದಿರುವ ಪ್ರಾಣಿಯದೇ. ಕಣ್ಣು ಮುಚ್ಚಿ ಚೀಟಿ ತೆಗೆಯಬಹುದು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಅಷ್ಟರಲ್ಲಿ ಕಂಪನಿಯಲ್ಲಿ ಪುಟ್ಟಿಯ ತಲೆಯ ಮೇಲೆ ಕತ್ತಿ ತೂಗುತ್ತಿತ್ತು. ಅಲ್ಲಿ ಇನ್ನೊಂದು ಗುಂಪಿತ್ತು. ಅದರ ಮುಖಂಡರಿಗೆ ಎದೆಯವರೆಗೆ ಗಡ್ಡ. ಜನರಿಗೆ ಎಲ್ಲವನ್ನೂ ಕೊಡಬೇಕು, ಬೇಕಾದ್ದನ್ನು ಅವರು ಆರಿಸಿಕೊಳ್ಳಲಿ ಎಂಬುದು ಅವರ ವಾದ. ಎರಡು ಗುಂಪುಗಳ ಸಿಸ್ಟಮ್‌ಗಳಲ್ಲಿ ಒಂದೇ ಉಳಿಯುವುದು, ಅದನ್ನು ಕಂಪನಿಯ ದೊಡ್ಡ ಮೇಡಂ ಕಣ್ಣಾರೆ ನೋಡಿ ತೀರ್ಮಾನಿಸುವುದು ಎಂದಾಯಿತು. ಪುಟ್ಟಿಯದು ಬಿದ್ದುಹೋದರೆ ಅವಳ ಗುಂಪನ್ನು ಒಡೆದು, ಅವಳನ್ನು ಗಡ್ಡದವರ ಸಿಸ್ಟಮ್ಮಿಗೆ ಸಹಾಯದ ಪುಟಗಳನ್ನು ಬರೆಯಲು ಹಾಕುತ್ತಾರೆ. ಎಲ್ಲಿ ಒತ್ತಿದರೆ ಏನಾಗುತ್ತದೆ ಎಂದು ಉದ್ದಕ್ಕೆ ಬರೆದಿರುತ್ತಾರಲ್ಲ, ಯಾರೂ ಓದದ ಪುಟಗಳು, ಅವನ್ನು. ಮೇಡಂ ನೋಡಲು ಬರುವುದು ನಮ್ಮ ಕ್ಲಿನಿಕ್ಕಿಗೇ.

ಹಿಂದಿನ ದಿನ ಸಂಜೆ ಪುಟ್ಟಿ ಎಲ್ಲ ಸರಿಯಿದೆಯೇ ನೋಡಲು ಬಂದಳು. ಬಾಗಿಲಲ್ಲೇ ನಿಂತುಬಿಟ್ಟಳು.

“ಅತ್ತೆ, ಇಲ್ಲಿ ಯಾಕೆ ಎರಡಿದೆ?”

ನಾನು ಖುಷಿಯಿಂದ ವಿವರಿಸಿದೆ. ಎಡಗಡೆಯದು ಏನು, ಬಲಗಡೆಯದು ಏನು, ಎಲ್ಲ ತೋರಿಸಿದೆ. “ನಿನ್ನ ಸಿಸ್ಟಮ್ ತುಂಬಾ ಒಳ್ಳೇದು ಕಣೆ. ಎರಡು ತಗೊಂಡ್ರೆ ಸಾಕು, ಏನೂ ತೊಂದ್ರೆ ಇಲ್ಲ,” ಎಂದೆ.

ಅವಳು ಬೆಂಚಿನ ಮೇಲೆ ಕೂತಳು. ನಗುತ್ತಾಳೇನೋ ಅಂದುಕೊಂಡೆ, ನಗಲಿಲ್ಲ. “ಒಂದು ಸಲಕ್ಕೆ ಒಂದೇ ಕೆಲಸ ಅಂತ ನಾನು ಮಾಡಿದ್ದು ನಿಮ್ಮ ತಲೆನೋವು ಕಡಿಮೆ ಆಗ್ಲಿ ಅಂತ. ನೀವು ಅದಕ್ಕೋಸ್ಕರ ಇನ್ನೊಂದು ಕಂಪ್ಯೂಟರ್ ಹೊತ್ಕೊಂಡು ಬಂದಿದ್ದೀರಿ.”

ಆಗ ನನಗೆ ಹೊಳೆಯಿತು. “ಹಾಗಾದ್ರೆ ಇದನ್ನ ಒಳಗೆ ಇಡೋಣ. ಯಾರಿಗೂ ಗೊತ್ತಾಗಲ್ಲ,” ಎಂದೆ.

“ಬೇಡ ಅತ್ತೆ. ಇದ್ದ ಹಾಗೇ ನೋಡ್ಲಿ.” ಇಷ್ಟು ಹೇಳಿ ಹೋದಳು. ಹೋಗುವಾಗ ಗೂಟಕ್ಕೆ ನೇತುಹಾಕಿದ್ದ ಚೀಲವನ್ನು ಮರೆತು, ಮತ್ತೆ ಬಂದು ತೆಗೆದುಕೊಂಡು ಹೋದಳು.

ನಾನು ಯಾರ ಮಾತು ಕೇಳಿದವಳು? ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು, ಕಾಂಪೌಂಡರನ್ನು ಕರೆದು ಎರಡನೆಯದನ್ನು ಎತ್ತಿಸಿ ಎಕ್ಸ್‌ರೇ ಕೋಣೆಗೆ ಸಾಗಿಸಿದೆ. ನಮ್ಮ ಕಾಂಪೌಂಡರ್ ಔಷಧ ಅಳೆದುಕೊಡುವವನು, ಮಾತನ್ನೂ ಅಳೆದೇ ಆಡುವವನು. “ಅಕ್ಕ, ಹುಡುಗಿ ಬೇಡ ಅಂದಿದ್ಲಲ್ಲ?” ಎಂದ. “ನಿನ್ನ ಕೆಲಸ ನೋಡು,” ಎಂದೆ. ಒಂದು ಬೆಳಗ್ಗೆ ತಾನೇ, ಒಂದರಲ್ಲೇ ನಿಭಾಯಿಸಿದರಾಯಿತು ಎಂಬ ಧೈರ್ಯ ನನಗಿತ್ತು. ನನ್ನ ಮೇಲೆ ನನಗಿರುವ ನಂಬಿಕೆ ಸಣ್ಣದಲ್ಲ.

ಮೇಡಂ ಬಂದರು. ನೆರೆತ ಕೂದಲು, ಮೆತ್ತನೆಯ ಚಪ್ಪಲಿ, ಎಲ್ಲವನ್ನೂ ನೋಡಿಯೂ ಏನನ್ನೂ ಹೇಳದ ಮುಖ. ಜೊತೆಗೆ ಗಡ್ಡದವರು. ಇಬ್ಬರೂ ಕಾಯುವವರ ಬೆಂಚಿನಲ್ಲಿ ಒಂದು ಮುದಿ ಬೆಕ್ಕಿನ ಪಕ್ಕ ಕೂತರು. ಪುಟ್ಟಿ ಗೋಡೆಗೆ ಒರಗಿ ನಿಂತಿದ್ದಳು. ಮೇಜಿನ ಮೇಲೆ ಒಂದೇ ಕಂಪ್ಯೂಟರ್ ಇರುವುದನ್ನು ನೋಡಿ ನನ್ನ ಕಡೆ ಹುಬ್ಬು ಗಂಟಿಕ್ಕಿದಳು. ನಾನು ಕಾಣದವಳಂತೆ ಗಿಳಿಯ ಯಜಮಾನರನ್ನು ಮಾತಾಡಿಸಿದೆ.

ಮೊದಲ ಅರ್ಧ ಗಂಟೆ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯಿತು. ಗಿಳಿ ಹೋಯಿತು, ಮೊಲ ಹೋಯಿತು. ಮೇಡಂ ಒಮ್ಮೆ ತಲೆ ಆಡಿಸಿದ್ದನ್ನೂ ಕಂಡೆ. ಆಮೇಲೆ ಒಬ್ಬ ಹೆಂಗಸು ಕೈಚೀಲದಲ್ಲಿ ಮುಖ ಮಾತ್ರ ಹೊರಗಿಟ್ಟ ನಾಯಿಮರಿಯೊಂದನ್ನು ತಂದಳು. ಹುಳದ ಔಷಧಕ್ಕೆ. ಮರಿಯ ಹೆಸರು ಬ್ರೂನೋ. ನನ್ನ ತಮ್ಮ ಒಳಗೆ ನೋಡಿ ಕಳಿಸಿದ್ದ. ನಾನು ಹಾಳೆ ತೆರೆದು, ಮರಿಯನ್ನು ತೂಗಿ, ತೂಕ ತುಂಬಿದೆ. ಇನ್ನು ತೂಕಕ್ಕೆ ತಕ್ಕ ಔಷಧದ ಚೀಟಿ ತೆಗೆಯುವುದಷ್ಟೇ ಬಾಕಿ. ಫೋನ್ ಬಂತು.

ಫೋನಿನಲ್ಲಿದ್ದವರದ್ದೂ ಬ್ರೂನೋ. ಅದು ಕರುವಿನಷ್ಟಿರುವ ನಾಯಿ, ಬಾಗಿಲಲ್ಲಿ ಬಂದರೆ ಬೆಳಕು ನಿಲ್ಲುತ್ತದೆ. ಅದಕ್ಕೂ ಹುಳದ ಔಷಧವೇ ನಡೆಯುತ್ತಿತ್ತು, ಮುಂದಿನದು ಯಾವಾಗ ಎಂದು ಕೇಳಿದರು. ನಾನು ಅದರ ಹಾಳೆ ತೆರೆದು ಉತ್ತರ ಹೇಳಿ ಫೋನ್ ಇಟ್ಟೆ. ಕಣ್ಣು ಎದುರಿನ ಮರಿಯ ಮೇಲೆ, ಕೈ ಎಡಗಡೆಯ ಕಂಪ್ಯೂಟರಿನ ಮೇಲೆ. ಎಡಗಡೆ ಇರುವುದು ಎದುರಿಗಿರುವ ಪ್ರಾಣಿಯದೇ ಎಂದು ಕೈಗೆ ಅಭ್ಯಾಸವಾಗಿ ಹೋಗಿತ್ತು. ಆದರೆ ಬಲಗಡೆಯದನ್ನು ನಾನೇ ಬೆಳಗ್ಗೆ ಒಳಗಿಟ್ಟಿದ್ದೆ. ಗುಂಡಿ ಒತ್ತಿದೆ. ಚೀಟಿ ಬಂತು. ಹರಿದು ಕಾಂಪೌಂಡರ್ ಕೈಗೆ ಕೊಟ್ಟೆ.

ಅವನು ಚೀಟಿ ನೋಡಿದ, ಬಾಟಲಿ ನೋಡಿದ, ಚೀಲದಿಂದ ಇಣುಕುತ್ತಿದ್ದ ಮುಖ ನೋಡಿದ.

“ಅಕ್ಕ, ಈ ಮಗೂಗೆ ಇಷ್ಟು ಕೊಟ್ರೆ ಹುಳದ ಜೊತೆ ನಾಯೀನೂ ಹೋಗುತ್ತೆ.”

ಮೂವತ್ತು ವರ್ಷದಿಂದ ಆ ಮೇಜಿನಲ್ಲಿ ಕೂತಿದ್ದೇನೆ, ಒಂದು ಪ್ರಾಣಿಗೂ ನನ್ನ ಕೈಯಿಂದ ತಪ್ಪು ಚೀಟಿ ಹೋಗಿರಲಿಲ್ಲ. ಆ ಹೆಂಗಸು ಮರಿಯನ್ನು ಎದೆಗೊತ್ತಿಕೊಂಡು ಹಿಂದೆ ಸರಿದಳು. ನಾನು ಆ ಚೀಟಿ ಹರಿದುಹಾಕಿ, ಸರಿಯಾದದ್ದನ್ನು ಹುಡುಕಿ ತೆಗೆದು, ಎರಡು ಸಲ ಓದಿ ಕೊಟ್ಟೆ. ಅವಳ ಕ್ಷಮೆಯನ್ನೂ ಕೇಳಿದೆ.

ಗಡ್ಡದವರು ಗಂಟಲು ಸರಿಮಾಡಿಕೊಂಡರು. “ನೋಡಿ, ಇದನ್ನೇ ನಾನು ಹೇಳ್ತಾ ಬಂದಿರೋದು. ಸರಳ ಸರಳ ಅಂತ ಎಲ್ಲಾ ಕಿತ್ತು ಹಾಕಿದ್ರೆ ಹೀಗೇ ಆಗೋದು.”

ಮೇಡಂ ಅವರ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತ ಕೇಳಿದರು, “ಇದು ಸಿಸ್ಟಮ್ ತಪ್ಪಾ, ಅಥವಾ ನೀವು ಗಮನ ಕೊಡ್ಲಿಲ್ವಾ?”

ಕೇಳಿದ್ದು ನನ್ನನ್ನೇ ಆದರೂ ಉತ್ತರದಲ್ಲಿ ತೂಗುತ್ತಿದ್ದುದು ಪುಟ್ಟಿಯ ಕೆಲಸ. ನನ್ನ ತಪ್ಪು ಎಂದರೆ ಅವಳು ಉಳಿದಳು. ನನ್ನ ಜನ್ಮದಲ್ಲಿ ಆಡದ ಮಾತು ಅಂದು ಬಾಯಿಗೆ ಬಂತು. “ನನ್ನದೇ ತಪ್ಪು. ವಯಸ್ಸಾಯ್ತು ನೋಡಿ, ಕಣ್ಣು ಸರಿಯಾಗಿ...”

ಮಾತು ಮುಗಿಯುವ ಮೊದಲೇ ಪುಟ್ಟಿ ಗೋಡೆ ಬಿಟ್ಟು ಒಳಗೆ ಹೋದಳು. ಎಕ್ಸ್‌ರೇ ಕೋಣೆಯ ಬಾಗಿಲು ಸದ್ದಾಯಿತು. ಕಂಪ್ಯೂಟರನ್ನು ಎದೆಗವಚಿಕೊಂಡು ವಯರು ನೆಲದ ಮೇಲೆ ಎಳೆದುಕೊಂಡೇ ಬಂದಳು. ಮುದಿ ಬೆಕ್ಕು ಆ ವಯರಿಗೆ ಒಂದು ಪಂಜಾ ಹೊಡೆಯಿತು. ಪುಟ್ಟಿ ಕಂಪ್ಯೂಟರನ್ನು ನನ್ನ ಬಲಗಡೆ, ಅದರ ಜಾಗದಲ್ಲೇ ಇಟ್ಟಳು.

“ಅತ್ತೆ ತಪ್ಪಲ್ಲ ಮೇಡಂ. ನನ್ನ ಸಿಸ್ಟಮ್‌ನಲ್ಲಿ ಕೆಲಸ ಮಾಡೋಕೆ ಅವ್ರಿಗೆ ಎರಡು ಕಂಪ್ಯೂಟರ್ ಬೇಕಾಯ್ತು. ಇವತ್ತು ನನ್ನ ಮುಖ ಉಳಿಸೋಕೆ ಅಂತ ಒಂದನ್ನ ಒಳಗಿಟ್ಟಿದ್ರು. ಅದಕ್ಕೇ ಹೀಗಾಯ್ತು.” ನನ್ನ ಕಣ್ಣು ತುಂಬಿ ಬಂತು. ಆ ಕ್ಷಣ ಅವಳ ಮೇಲೆ ನನಗಿದ್ದ ಪ್ರೀತಿಯನ್ನು ಹೇಳಲು ನನ್ನ ಹತ್ತಿರ ಮಾತಿಲ್ಲ, ಸುಮ್ಮನೆ ಮೂಗು ಒರೆಸಿಕೊಂಡೆ.

“ಎರಡು ಕಂಪ್ಯೂಟರ್,” ಎಂದು ಗಡ್ಡದವರು ನಕ್ಕರು. “ನಮ್ಮದ್ರಲ್ಲಿ ಒಂದೇ ಪರದೆ ಮೇಲೆ ಇಪ್ಪತ್ತು ತೆಗೀಬಹುದು. ಇವ್ರಿಗೆ ಒಂದು ವಾರ ಕೂರಿಸಿ ಕಲಿಸಿದ್ರೆ ಆಯ್ತು.”

ನಾನು ಕುರ್ಚಿಯನ್ನು ಅವರ ಕಡೆ ತಿರುಗಿಸಿದೆ. “ಸ್ವಾಮಿ, ಇಪ್ಪತ್ತು ತೆಗೆಯೋ ಕಂಪ್ಯೂಟರ್ ಈ ಮೇಜಿನ ಮೇಲೆ ಮೊದ್ಲೇ ಇತ್ತು. ಅದು ಬೇಡ ಅಂತ ನಾನು ಕೈಯಲ್ಲಿ ಬರೀತಿದ್ದೆ. ಇವಳ ಕಂಪ್ಯೂಟರ್ ನಂಗೆ ಎಷ್ಟು ಇಷ್ಟ ಆಯ್ತು ಅಂದ್ರೆ, ಒಂದು ಸಾಲ್ದು ಅಂತ ಇನ್ನೊಂದು ತಂದೆ. ನಿಮ್ಮದನ್ನ ಯಾರಾದ್ರೂ ಎರಡೆರಡು ಇಟ್ಕೊಂಡಿದ್ದಾರಾ?”

ಬೆಂಚಿನಲ್ಲಿದ್ದವರು ನಕ್ಕರು. ಕಾಂಪೌಂಡರ್ ಬಾಟಲಿಗಳ ಕಡೆ ಮುಖ ತಿರುಗಿಸಿದ. ಮೇಡಂ ತುಟಿ ಒತ್ತಿ ಹಿಡಿದಿದ್ದರು.

“ಹಾಗಾದ್ರೆ ಏನು ಬದಲಾಯಿಸಬೇಕು ಹೇಳಿ,” ಎಂದರು.

“ಅದು ನಂಗೆ ಗೊತ್ತಿಲ್ಲ. ಗೊತ್ತಿದ್ರೆ ಅವಳ ಸಂಬಳ ನನಗೆ ಕೊಡ್ತಿದ್ರಿ,” ಎಂದೆ.

ಮೇಡಂ ಎದ್ದರು. ಹೋಗುವಾಗ ಪುಟ್ಟಿಗೆ ಹೇಳಿದರು, “ಸರಿಮಾಡು. ಆಮೇಲೆ ನಾನು ಬರೋದಿಲ್ಲ. ನಿಮ್ಮ ಅತ್ತೆ ಏನಂತಾರೆ, ಅದನ್ನ ಬಂದು ಹೇಳು. ಚೆನ್ನಾಗಿದೆ ಅಂದ್ರು ಅಂತ ಮಾತ್ರ ಹೇಳ್ಬೇಡ. ಸ್ವಂತದವರು ಯಾವಾಗ್ಲೂ ಹಾಗೇ ಅನ್ನೋದು.”

ಆಮೇಲೆ ಪುಟ್ಟಿ ನಮ್ಮ ಬೆಂಚಿನಲ್ಲೇ ಬೀಡುಬಿಟ್ಟಳು. ಬರುತ್ತಿದ್ದಳು, ಚೀಲವನ್ನು ಗೂಟಕ್ಕೆ ಹಾಕುತ್ತಿದ್ದಳು, ಕೂರುತ್ತಿದ್ದಳು. ನಾನೇನು ಮಾಡುತ್ತೇನೆ ಎಂದು ನೋಡುತ್ತಿದ್ದಳೇ ಹೊರತು ಏನೂ ಕೇಳುತ್ತಿರಲಿಲ್ಲ. ಬೆಂಚಿನ ಮೇಲಿನ ಗೋಡೆಯಲ್ಲಿ ನಮ್ಮಲ್ಲಿ ಒಂದು ಸಾಲು ಗೂಟಗಳಿವೆ. ಸರದಿಯಲ್ಲಿರುವವರು ಪಕ್ಕದ ಬೇಕರಿಗೋ ಎದುರಿನ ಅಂಗಡಿಗೋ ಹೋಗಬೇಕಾದರೆ ತಮ್ಮ ಚೀಲವನ್ನೋ ನಾಯಿಯ ಇನ್ನೊಂದು ಹಗ್ಗವನ್ನೋ ಅಲ್ಲಿ ನೇತುಹಾಕಿ ಹೋಗುತ್ತಾರೆ. ಗೂಟದ ಮೇಲೆ ಸಾಮಾನಿದ್ದರೆ ಸರದಿ ಇದ್ದ ಹಾಗೆ. ಬಂದು ತೆಗೆದುಕೊಂಡು ಬಿಟ್ಟ ಜಾಗದಲ್ಲಿ ಕೂರುತ್ತಾರೆ, ಯಾರೂ ಜಗಳ ಮಾಡುವುದಿಲ್ಲ. ಈ ಪದ್ಧತಿ ಎಷ್ಟು ಹಳೆಯದೆಂದರೆ ನಾನು ಅದನ್ನು ನೋಡುವುದನ್ನೇ ಬಿಟ್ಟಿದ್ದೆ. ಒಂದು ಮಧ್ಯಾಹ್ನ ಪುಟ್ಟಿ ಮನೆಗೆ ಹೊರಟವಳು ಚೀಲಕ್ಕೆ ಕೈ ಹಾಕಿ ಹಾಗೇ ನಿಂತಳು. ಗೂಟಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಚೀಲವನ್ನು ತೆಗೆದಳು, ಮತ್ತೆ ನೇತುಹಾಕಿದಳು, ಮತ್ತೆ ತೆಗೆದಳು.

“ಏನೇ, ಗೂಟ ಸಡಿಲ ಆಗಿದೆಯಾ?” ಎಂದೆ.

“ಇಲ್ಲ ಅತ್ತೆ, ಗಟ್ಟಿಯಾಗಿದೆ,” ಎಂದು ಓಡಿದಳು. ಮರುದಿನದಿಂದ ಬರಲಿಲ್ಲ.

ಕೆಲವು ವಾರ ಕಳೆದು ಬಂದ ಹೊಸದರಲ್ಲಿ ಹೆಚ್ಚಿನ ಬದಲಾವಣೆ ಏನೂ ಇರಲಿಲ್ಲ. ಪರದೆಯ ಬಲಗಡೆ ಅಂಚಿನಲ್ಲಿ ಒಂದು ಸಾಲು ಗೂಟ, ಅಷ್ಟೇ. ಫೋನ್ ಬಂದಾಗ ಕೈಯಲ್ಲಿರುವ ಹಾಳೆಯನ್ನು ಬೆರಳಿನಿಂದ ಅತ್ತ ಸರಿಸಿದರೆ, ಅದು ಆ ಪ್ರಾಣಿಯ ಫೋಟೊ ಹೊತ್ತು ಗೂಟದ ಮೇಲೆ ಕೂರುತ್ತದೆ. ಫೋನ್ ಮುಗಿದ ಮೇಲೆ ಮುಟ್ಟಿದರೆ ಬಿಟ್ಟಲ್ಲಿಗೇ ಬರುತ್ತದೆ. ಚಿಕ್ಕ ಬ್ರೂನೋ ಚಿಕ್ಕದಾಗಿಯೇ ಕಾಣುತ್ತದೆ, ದೊಡ್ಡದು ದೊಡ್ಡದಾಗಿಯೇ. ನಾನಾಗಿ ಮುಟ್ಟದೆ ಯಾವುದೂ ಜಾಗ ಬಿಟ್ಟು ಕದಲುವುದಿಲ್ಲ. ಪುಟ್ಟಿ ಹೇಗೆಂದು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ನಾನು ಎರಡು ಹಾಳೆ ನೇತುಹಾಕಿ ಆಗಿತ್ತು. ಕಾಂಪೌಂಡರ್ ತಾನಾಗಿಯೇ ಬಂದು ಎರಡನೇ ಕಂಪ್ಯೂಟರನ್ನು ಎಕ್ಸ್‌ರೇ ಕೋಣೆಗೆ ಒಯ್ದ. ಆ ಜಾಗದಲ್ಲಿ ಈಗ ನನ್ನ ನೀರಿನ ಬಾಟಲಿ ಇದೆ.

ಮೇಡಂಗೆ ಸೋಮವಾರ ಉತ್ತರ ಹೇಳಬೇಕಿತ್ತು. ಭಾನುವಾರ ಎಂದಿನಂತೆ ಪುಟ್ಟಿ ಫೋನ್ ಮಾಡಿದಳು. ಆ ವಾರ ಹೇಳುವುದು ಬಹಳ ಇತ್ತು. ಯಾರದೋ ಆಮೆ ಮೂರು ದಿನ ತಲೆ ಹೊರಗೆ ಹಾಕಿರಲಿಲ್ಲ, ತಮ್ಮ ಅದರ ಮುಂದೆ ಎಲೆ ಹಿಡಿದು ಕೂತು ಕೂತು ನಿದ್ದೆ ಹೋದ, ಅವನು ಗೊರಕೆ ಹೊಡೆದ ಮೇಲೆ ಆಮೆ ತಲೆ ಹೊರಗೆ ಹಾಕಿ ಎಲೆ ತಿಂದಿತು. ಇನ್ನೊಂದು ವಿಶೇಷವೆಂದರೆ, ಗಡ್ಡದವರು ತಮ್ಮ ಬೆಕ್ಕನ್ನು ನಮ್ಮಲ್ಲಿಗೇ ಕರೆತಂದಿದ್ದರು, ಅದಕ್ಕೆ ಅವರ ಗಡ್ಡವೆಂದರೆ ಪ್ರಾಣವಂತೆ. ಬೇಕರಿಗೆ ಹೋಗುವಾಗ ಚೀಲವನ್ನು ಯಾರೂ ಹೇಳಿಕೊಡದೆ ಗೂಟಕ್ಕೆ ಹಾಕಿ ಹೋದರು. ಇದನ್ನೆಲ್ಲ ಹೇಳುವಷ್ಟರಲ್ಲಿ ನನ್ನ ಕಿವಿ ಬಿಸಿಯಾಯಿತು.

ಪುಟ್ಟಿ ಕೊನೆಯವರೆಗೆ ಕೇಳಿದಳು. ಆಮೇಲೆ ಮೆಲ್ಲಗೆ, “ಅತ್ತೆ, ಕಂಪ್ಯೂಟರ್ ಹೇಗಿದೆ?” ಎಂದಳು.

“ಯಾವ ಕಂಪ್ಯೂಟರ್?” ಎಂದೆ.

ತಮಾಷೆಗೆ ಹೇಳಿದ್ದಲ್ಲ. ವಾರವಿಡೀ ಅದರ ಮುಂದೆಯೇ ಕೂತಿದ್ದೆ, ಆದರೆ ಅದರ ನೆನಪೇ ಆಗಿರಲಿಲ್ಲ. ಆ ಕಡೆಯಿಂದ ಮೂಗೆಳೆದ ಸದ್ದು ಕೇಳಿಸಿತು.

“ಅಳ್ತಿದ್ದೀಯೇನೇ?”

“ಇಲ್ಲ ಅತ್ತೆ. ಇನ್ನೊಂದು ಸಲ ಹೇಳಿ.”

ಹೇಳಿದೆ. ಸೋಮವಾರ ಆ ಎರಡು ಪದಗಳನ್ನೇ ಅವಳು ಮೇಡಂ ಮುಂದೆ ಹೇಳಿದಳಂತೆ. ಮೇಡಂ ಎಲ್ಲ ಗುಂಪುಗಳನ್ನೂ ಕರೆದು, ಇನ್ನು ಮುಂದೆ ಉಳಿಯುವುದು ಪುಟ್ಟಿಯದು ಎಂದರಂತೆ. ಸಹಾಯದ ಪುಟಗಳನ್ನು ಬರೆಯಲು ಅವಳನ್ನೂ ಕಳಿಸಲಿಲ್ಲ, ಬೇರೆ ಯಾರನ್ನೂ ಕಳಿಸಲಿಲ್ಲ. ಬರೆಯುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ.